ನೀಲಿ ಕೋಠಿಯ ಹಾಜರಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇಕಾದರೆ ಹಣೆಗೆ ಇಬತ್ತಿ ಹಚ್ಚಿಕೊಂಡು, ನಮ್ಮ ಮಲ್ಲಯ್ಯನ ಗುಡ್ಡದ ಕಡೆ ಮುಖ ಮಾಡಿ ಆಣೆ ಹಾಕುತ್ತೇನೆ. ನಾನು ತೋಳದ ಬಾಲ ಹಿಡಿದು ಅದನ್ನು ಮಸ್ಕಿ ಹಳ್ಳ ದಾಟಿಸಿದ್ದನ್ನು ನಂಬದ ಜನ ಊರಲ್ಲಿ ಇದ್ದಾರೆ. ಅದು ಅವರ ಕರ್ಮ. ಆದರೆ ಇದನ್ನು ಮಾತ್ರ ನಂಬಬೇಕು. ಯಾಕೆಂದರೆ ಇದು ಆದದ್ದು ನನಗಲ್ಲ, ನಮ್ಮ ಚಿಗವ್ವನ ಮಗ ಕರಿಬಸಪ್ಪ ಮಾಸ್ತರನಿಗೆ. ನಾನು ಬರೀ ಬಂಡಿ ಹೊಡೆದವನು. ಕರಿಬಸಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಆ ವಿದ್ಯೆ ಒಲಿದದ್ದು ನನ್ನೊಬ್ಬನಿಗೇ.

ಕಂದೀಲು ಸ್ವಲ್ಪ ಸಣ್ಣದು ಮಾಡ್ರಿ... ಹಾಂ, ಅಷ್ಟು ಸಾಕು.

ಪೊಲೀಸ್ ಆಕ್ಷನ್ ಆಗಿ ನಾಲ್ಕು ವರ್ಷವಾಗಿತ್ತು. ಮಸ್ಕಿ ಶಾಲೆಯ ಬಾಗಿಲಿಂದ ನಿಜಾಮನ ಕಾಲದ ಉರ್ದು ಬೋರ್ಡು ಇಳಿದು ಕನ್ನಡ ಬೋರ್ಡು ಏರಿತ್ತು. ಬೋರ್ಡು ಬದಲಾದರೂ ಹಾಜರಿ ಬದಲಾಗಲಿಲ್ಲ. ಹೆಸರು ಕರೆದರೆ ಮಕ್ಕಳು ಎದ್ದು ನಿಂತು, ಕೈ ಕಟ್ಟಿ, ‘ಹಾಜರ್’ ಅನ್ನಬೇಕು. ಕರಿಬಸಪ್ಪ ಇದನ್ನು ಎಷ್ಟು ತಿದ್ದಿ ಕಲಿಸಿದ್ದನೆಂದರೆ, ಬಜಾರದಲ್ಲಿ ಮೆಣಸಿನಕಾಯಿ ಮಾರುವವಳು ಒಬ್ಬ ಹುಡುಗನ ಹೆಸರು ಕೂಗಿದರೂ ಅವನು ಅಲ್ಲೇ ಕೈ ಕಟ್ಟಿ ಹಾಜರ್ ಅಂದುಬಿಡುತ್ತಿದ್ದ.

ಇನ್ನೊಂದು, ಛುಟ್ಟಿ. ಅವನ ಹತ್ತಿರ ಹಿಡಿಕೆ ಇರುವ ಒಂದು ಹಿತ್ತಾಳೆ ಗಂಟೆ ಇತ್ತು. ಅದರ ಉದ್ದ ಗಂಟೆ ಆಗುವವರೆಗೂ ಒಬ್ಬರೂ ಕದಲುವಂತಿಲ್ಲ. ಒಮ್ಮೆ ಪಾಠದ ನಡುವೆ ನಾಗರಹಾವು ಒಳಗೆ ಬಂತು. ಈ ಮಹಾರಾಯ ಎರಡೂ ಕಾಲು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡು, ಮಕ್ಕಳಿಗೂ ಕಾಲು ಎತ್ತಿಕೊಳ್ಳಲು ಹೇಳಿ, ಲೆಕ್ಕ ಮುಗಿಸಿದ. ಹಾವಿಗೇ ಬೇಸರ ಬಂದು ಹೋಯಿತು. ಯಾಕಪ್ಪಾ ಛುಟ್ಟಿ ಕೊಡಲಿಲ್ಲ ಅಂತ ಕೇಳಿದರೆ, ಛುಟ್ಟಿ ಕೊಡಲು ತನಗೆ ಹುಕುಂ ಇರಲಿಲ್ಲ ಅಂದ. ಅಂಥ ಮನುಷ್ಯ. ಮೇಲಿನವರ ಹುಕುಂ ಇಲ್ಲದೆ ಸೀನುತ್ತಿದ್ದನೋ ಇಲ್ಲವೋ ನನಗೆ ಅನುಮಾನ.

ಆ ವರ್ಷ ಲಿಂಗಸುಗೂರಿನ ಶಿಕ್ಷಣ ಕಚೇರಿಯಿಂದ ಒಂದು ಕಾಗದ ಬಂತು. ಮಕ್ಕಳನ್ನು ಇತಿಹಾಸದ ಜಾಗವೊಂದಕ್ಕೆ ಪ್ರವಾಸ ಕರೆದುಕೊಂಡು ಹೋಗಬೇಕು ಅಂತ. ಮಸ್ಕಿಯಲ್ಲಿ ಅಶೋಕನ ಶಾಸನವೇ ಇದೆಯಲ್ಲ ಅನ್ನುತ್ತೀರಿ. ಆ ಗುಡ್ಡದಲ್ಲಿ ನಮ್ಮ ಮಕ್ಕಳು ದಿನಾ ಆಡು ಕಾಯುತ್ತಿದ್ದರು, ಅದನ್ನು ಪ್ರವಾಸ ಅಂದರೆ ಆಡುಗಳೂ ನಗುತ್ತಿದ್ದವು. ಹಾಗಾಗಿ ಇನ್ಸ್‌ಪೆಕ್ಟರ್ ಸಾಹೇಬರೇ ಜಾಗ ಆರಿಸಿ ಬರೆದಿದ್ದರು. ನೀಲಿ ಕೋಠಿ.

ಮಸ್ಕಿಯಿಂದ ಮುದಗಲ್ ಕಡೆಗೆ ಮೂರು ಹರದಾರಿ ಹೋಗಿ, ದಾರಿ ಬಿಟ್ಟು ಹಳ್ಳದ ದಂಡೆ ಹಿಡಿಯಬೇಕು. ನಮ್ಮ ಮುತ್ಯಾಗಳ ಕಾಲದಲ್ಲಿ ಒಬ್ಬ ಬಿಳಿ ಸಾಹೇಬ ಅಲ್ಲಿ ಸಾವಿರಾರು ಎಕರೆ ನೀಲಿ ಬೆಳೆಸಿದ್ದ. ನೀಲಿ ಅಂದರೆ ಬಟ್ಟೆಗೆ ಹಾಕುವ ಬಣ್ಣ, ಒಂದು ಗಿಡದ ಎಲೆಯಿಂದ ತೆಗೆಯುವುದು. ಎಲೆ ಕೊಳೆಹಾಕಿದ ನೀರನ್ನು ದೊಡ್ಡ ಕಲ್ಲಿನ ತೊಟ್ಟಿಗೆ ಬಿಟ್ಟು, ಸೊಂಟದ ಮಟ ನೀರಲ್ಲಿ ಆಳುಗಳು ಸಾಲಾಗಿ ನಿಂತು, ಅಗಲ ಹಲಗೆಯಂಥ ಕಟ್ಟಿಗೆಯ ಹುಟ್ಟಿನಿಂದ ತಾಸುಗಟ್ಟಲೆ ಬಡಿಯಬೇಕು. ಬಡಿದಂತೆಲ್ಲ ನೀರು ನೀಲಿಯಾಗುತ್ತದೆ, ಜನರೂ ಆಗುತ್ತಾರೆ. ಸಾಹೇಬ ಹೋಗಿ ಎಷ್ಟೋ ಕಾಲವಾಗಿ, ಕೋಠಿಯ ಛಾವಣಿ ಬಿದ್ದು, ಮುಂದಿನ ಪಡಸಾಲೆ ಮತ್ತು ಹಿಂದಿನ ತೊಟ್ಟಿ ಮಾತ್ರ ಉಳಿದಿದ್ದವು.

ಎಳ್ಳಮಾಸಿ ಹಬ್ಬ ಮುಗಿದ ಮೂರನೇ ದಿನ, ಹನ್ನೆರಡು ಮಕ್ಕಳನ್ನು ನನ್ನ ಬಂಡಿಯಲ್ಲಿ ತುಂಬಿಕೊಂಡು ನಸುಕಿನಲ್ಲೇ ಹೊರಟೆವು. ರೊಟ್ಟಿ, ಶೇಂಗಾ ಹಿಂಡಿ, ಕರಿಬಸಪ್ಪ, ಗಂಟೆ, ಮತ್ತು ಆ ಕಾಗದ. ಅದರಲ್ಲಿ ಕೋಠಿಯ ಬಗ್ಗೆ ಮಕ್ಕಳಿಗೆ ಏನು ಹೇಳಬೇಕು ಅನ್ನುವುದೂ ಇತ್ತು. ಅಲ್ಲಿ ತೊಟ್ಟಿಯ ಕಟ್ಟೆ ಮೇಲೆ ಮಕ್ಕಳನ್ನು ಕೂರಿಸಿ ಅವನು ಓದಿದ. ಕೋಠಿ ಸಾಹೇಬರು ಈ ಬರಡು ನೆಲಕ್ಕೆ ನೀಲಿ ತಂದರು, ಮುನ್ನೂರು ಜನರಿಗೆ ಅನ್ನ ಕೊಟ್ಟರು, ಸೋಮಾರಿಗಳಿಗೆ ಶಿಸ್ತು ಕಲಿಸಿದರು. ಮಕ್ಕಳು ಬರೆದುಕೊಂಡು ಬಾಯಿಪಾಠ ಮಾಡಬೇಕು. ಇನ್ಸ್‌ಪೆಕ್ಟರ್ ಸಾಹೇಬರು ಬಂದು ಕೇಳುವವರಿದ್ದಾರೆ.

ಎಲ್ಲರೂ ಬರೆದರು. ಒಂದು ಹುಡುಗಿ ಬರೆಯಲಿಲ್ಲ.

ಅಮರಮ್ಮ ಅಂತ. ಊರ ಹೊರಗಿನ ಕೇರಿಯ ಪಾರ್ವತೆಮ್ಮನ ಮೊಮ್ಮಗಳು. ಹತ್ತು ವರ್ಷ, ಕಡ್ಡಿಯಂಥ ಕೈಕಾಲು, ಎಮ್ಮೆಯಂಥ ಹಟ. ಕೇರಿಯಿಂದ ಶಾಲೆಗೆ ಬಂದ ಮೊದಲ ಹೆಣ್ಣುಮಗು ಅದೇ.

“ಮಾಸ್ತರ, ನಮ್ಮ ಮುತ್ತಜ್ಜಿ ಇಲ್ಲೇ ಈ ಪಾವಟಿಗೆ ಮ್ಯಾಲ ಸತ್ತಾಳರಿ. ಅದನ್ನೂ ಬರೀಲೇನು?”

ಕರಿಬಸಪ್ಪ ಕಾಗದ ತಿರುಗಿಸಿ ನೋಡಿದ, ಹಿಂಬದಿಯಲ್ಲಿ ಏನಾದರೂ ಇದೆಯೇನೋ ಅಂತ. ಖಾಲಿ ಇತ್ತು. ಇದ್ದಷ್ಟು ಬರಿ ಅಂದ.

ಅವಳು ಬರೆಯಲಿಲ್ಲ. ರೊಟ್ಟಿ ತಿನ್ನುವಾಗ ನನಗೆ ಹೇಳಿದಳು. ಅವಳ ಮುತ್ತಜ್ಜಿಯ ಹೆಸರೂ ಅಮರಮ್ಮ. ನಮ್ಮ ಕಡೆ ಹಾಗೇ ತಾನೇ, ಸತ್ತ ಹಿರಿಯರ ಹೆಸರು ಮಕ್ಕಳಿಗೆ ಇಡುವುದು, ಹೆಸರು ಮನೆ ಬಿಟ್ಟು ಹೋಗಬಾರದು ಅಂತ. ಆ ಮುತ್ತಜ್ಜಿ ಎರಡು ವರ್ಷ ತೊಟ್ಟಿಯಲ್ಲಿ ನೀಲಿ ಬಡಿದಳಂತೆ. ಕತ್ತಲಾದ ಮೇಲೂ ಹಾಜರಿ ಬರೆಯುವ ಮುನ್ಷಿ ಛುಟ್ಟಿ ಕೊಡುತ್ತಿರಲಿಲ್ಲವಂತೆ. ಒಂದು ದಿನ ಹಾಜರಿಯಲ್ಲಿ ಹೆಸರು ಕರೆದಾಗ ಬಾಯಿ ಬಿಡಲಿಲ್ಲ. ಎರಡನೇ ಸಲ ಕರೆದರು, ಬಿಡಲಿಲ್ಲ. ಮೂರನೇ ಸಲವೂ ಬಿಡಲಿಲ್ಲ. ಎದುರಿಗೇ ನಿಂತಿದ್ದಳು, ಕಣ್ಣಲ್ಲಿ ಕಣ್ಣಿಟ್ಟು. ಆಮೇಲೆ ಅವಳನ್ನು ತೊಟ್ಟಿಗೆ ಇಳಿಯುವ ಆ ಪಾವಟಿಗೆಗಳ ಮೇಲೆ ಏನು ಮಾಡಿದರೋ, ಮನೆಗೆ ಬಂದದ್ದು ಹೆಣ.

“ಹಾಜರ್ ಅನ್ನದೇ ಸತ್ತಾಳರಿ ನಮ್ಮಾಕಿ,” ಅಂದಳು ಹುಡುಗಿ. ಬೇರೆಯವರು ತಮ್ಮ ಮನೆಯ ಬಂಗಾರದ ಬಗ್ಗೆ ಹೇಳುತ್ತಾರಲ್ಲ, ಹಾಗೆ.

ಮುನ್ಷಿ ಯಾರೆಂದು ನಾನೇ ಅವಳಿಗೆ ಹೇಳಿದೆ. ವಿರೂಪಾಕ್ಷಪ್ಪ ಅಂತ, ಬಳ್ಳಾರಿ ಕಡೆಯಿಂದ ಬಂದವ, ನಮ್ಮ ಊರವನಲ್ಲ.

ಹೊತ್ತು ಇಳಿಯಿತು. ಇಲ್ಲಿ ನನ್ನದೊಂದು ಸಣ್ಣ ಸಾಹಸ ಹೇಳಬೇಕು. ಕೋಠಿಯ ಕಲ್ಲುಗಳನ್ನು ನೋಡಿದಿರಾ, ಒಂದೊಂದೂ ಬೆಣ್ಣೆ ಕೊಯ್ದಂತೆ. ನಮ್ಮ ದನದ ಕೊಟ್ಟಿಗೆಯ ಗೋಡೆ ಬಿದ್ದಿತ್ತು. ಮಕ್ಕಳು ತೊಟ್ಟಿಯ ಹತ್ತಿರ ಇದ್ದಾಗ ನಾನೊಬ್ಬನೇ, ಒಬ್ಬನೇ ಅಂದರೆ ಒಬ್ಬನೇ, ಹದಿನಾಲ್ಕು ಕಲ್ಲು ಎತ್ತಿ ಬಂಡಿಗೆ ಹಾಕಿ ಮೇಲೆ ಹುಲ್ಲು ಮುಚ್ಚಿದೆ. ಹುಲ್ಲಿನ ಮೇಲೆ ಹನ್ನೆರಡು ಮಕ್ಕಳು ಹತ್ತಿದರು. ಎತ್ತು ನಾಲ್ಕು ಹೆಜ್ಜೆ ಇಟ್ಟವು... ಕಟಕ್. ಬಂಡಿಯ ಅಚ್ಚು ಎರಡು ತುಂಡು.

ಕರಿಬಸಪ್ಪ ಹುಲ್ಲು ಸರಿಸಿ ನೋಡಿದ. ನನ್ನನ್ನು ನೋಡಿದ. ನಾಳೆ ಶಾಲೆ ಹೇಗೆ ತೆರೆಯುವುದು ಅಂತ ಮಾತ್ರ ಕೇಳಿದ.

ಮೂರು ಹರದಾರಿ ಕತ್ತಲಲ್ಲಿ ಮಕ್ಕಳನ್ನು ನಡೆಸುವಂತಿಲ್ಲ, ಆಗ ತೋಳಗಳು ಬಹಳ. ಹಾಗಾಗಿ ಪಡಸಾಲೆಯಲ್ಲೇ ಹುಲ್ಲು ಹಾಸಿ ಮಲಗಿಸಿದೆವು. ನಾನು ಎದೆ ತಟ್ಟಿ ಹೇಳಿದೆ, ಈಗಲೇ ನಡೆದು ಹೋಗಿ, ಮಸ್ಕಿಯ ಬಡಿಗೇರನನ್ನು ಎಬ್ಬಿಸಿ, ಹೊಸ ಅಚ್ಚು ಹೆಗಲ ಮೇಲೆ ಹೊತ್ತು ಬೆಳಗಿನೊಳಗೆ ಬರುತ್ತೇನೆ ಅಂತ. ಕೋಲು ಹಿಡಿದು ಹೊರಟೆ. ಬಿದಿಗೆಯೋ ತದಿಗೆಯೋ ಚಂದ್ರ, ಆಗಲೇ ಮುಳುಗಿತ್ತು. ಕೋಠಿಯ ಬಾವಿ ದಾಟಿದೆ. ಬಾವಿಯ ಆಚೆ ಆಲದ ಮರ. ಗಾಳಿ ಇಲ್ಲ. ಒಂದು ಎಲೆಯೂ ಅಲ್ಲಾಡುತ್ತಿಲ್ಲ.

ಛಪ್...

ನಿಂತೆ.

ಛಪ್... ಛಪ್...

ಕಪ್ಪೆ ಇರಬೇಕು ಅಂದುಕೊಂಡೆ. ಆದರೆ ಕಪ್ಪೆಗೆ ತಾಳ ಇರುವುದಿಲ್ಲ. ಇದಕ್ಕೆ ಇತ್ತು. ಅಗಲ ಹಲಗೆ ನೀರಿಗೆ ಬಿದ್ದು ಎದ್ದ ಸದ್ದು. ಒಂದಲ್ಲ, ಮೂವತ್ತು ನಲವತ್ತು ಹಲಗೆ ಒಟ್ಟಿಗೆ. ನಡುವೆ ನೊರೆ ಒಡೆಯುವ ಸಣ್ಣ ಸದ್ದು, ಅನ್ನದ ಗಂಜಿ ಕುದ್ದಂತೆ, ಪುಸ್... ಪುಸ್... ಹಿಂದಿನಿಂದ ಬರುತ್ತಿತ್ತು, ತೊಟ್ಟಿಯ ಕಡೆಯಿಂದ. ಆ ತೊಟ್ಟಿಯಲ್ಲಿ ಮಧ್ಯಾಹ್ನ ಮಕ್ಕಳು ಮುಟ್ಟಾಟ ಆಡಿದ್ದರು. ಒಣ ಎಲೆ ಬಿಟ್ಟರೆ ಒಂದು ಹನಿ ನೀರಿರಲಿಲ್ಲ.

ಹೆದರಿದೆ ಅಂದುಕೊಳ್ಳಬೇಡಿ. ಎತ್ತುಗಳಿಗೆ ನೀರು ಕುಡಿಸಿದ್ದು ನೆನಪಿರಲಿಲ್ಲ, ಅದಕ್ಕೆ ವಾಪಸ್ಸು ಬಂದೆ. ಸ್ವಲ್ಪ ಓಡಿ ಬಂದೆ.

ಪಡಸಾಲೆಯಲ್ಲಿ ಎಲ್ಲ ಮಲಗಿದ್ದರು. ಕಂದೀಲಿನ ಬತ್ತಿ ಸಣ್ಣದಾಗಿತ್ತು. ಕರಿಬಸಪ್ಪ ಗಂಟೆಯನ್ನು ತಲೆಯ ಹತ್ತಿರ ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ. ನಾನು ಅವನನ್ನು ಅಲ್ಲಾಡಿಸಬೇಕು ಅನ್ನುವಷ್ಟರಲ್ಲಿ ಸದ್ದು ನಿಂತಿತು. ಹಲಗೆಗಳೆಲ್ಲ ಒಮ್ಮೆಲೇ ನಿಂತವು.

ಆಮೇಲೆ ಒಂದು ದನಿ. ಗಂಡು ದನಿ. ದೊಡ್ಡದೇನಲ್ಲ, ಸಿಟ್ಟೂ ಇಲ್ಲ. ದಿನಾ ಮಾಡಿ ಮಾಡಿ ರೂಢಿಯಾದ ಕೆಲಸದ ದನಿ.

“ಕರೆಪ್ಪ...”

ತೊಟ್ಟಿಯೊಳಗಿಂದ, “ಹಾಜರ್.”

“ದುರುಗವ್ವ...”

“ಹಾಜರ್.”

“ಪಂಪಣ್ಣ...”

“ಹಾಜರ್.”

ನನ್ನ ಪಕ್ಕದಲ್ಲಿ ಮಲಗಿದ್ದ ಹುಡುಗ ಪಂಪಣ್ಣ, ಅವನೂ ಕೇರಿಯವನೇ, ನಿದ್ದೆಯಲ್ಲಿ ತುಟಿ ಅಲ್ಲಾಡಿಸಿದ. ನಾನು ಅವನ ಬಾಯಿಯ ಮೇಲೆ ಕೈ ಇಟ್ಟೆ. ಇಟ್ಟ ಕೈ ತೆಗೆಯಲಿಲ್ಲ. ಅಲ್ಲಿ ಹೆಸರುಗಳು ನಡೆದೇ ಇದ್ದವು. ಒಂದೊಂದಕ್ಕೂ ಒಂದೊಂದು ಗಂಟಲು. ಮುದುಕರದು, ಹೆಂಗಸರದು, ಕೆಮ್ಮಿನದು.

“ಅಮರಮ್ಮ...”

ಯಾರೂ ಓಗೊಡಲಿಲ್ಲ.

“ಅಮರಮ್ಮ...”

ನೀರಿನ ಹನಿ ಬೀಳುವ ಸದ್ದು ಕೇಳುತ್ತಿತ್ತು. ಇದು ದಿನಾ ಹೀಗೇ ಆಗುತ್ತದೆ ಅನ್ನುವಂತೆ ಆ ದನಿ ಒಂದಿಷ್ಟು ಹೊತ್ತು ಕಾದಿತು. ಎಷ್ಟೋ ಸಾವಿರ ರಾತ್ರಿ ಈ ಒಂದು ಹೆಸರಿಗೆ ಉತ್ತರ ಬಂದಿರಲಿಕ್ಕಿಲ್ಲ.

“ಅಮರಮ್ಮ.”

ಪಡಸಾಲೆಯ ಮೂಲೆಯಲ್ಲಿ ಹುಡುಗಿ ಎದ್ದು ನಿಂತಳು. ಕಣ್ಣು ಮುಚ್ಚಿಯೇ ಇತ್ತು. ಕೈ ಕಟ್ಟಿದಳು, ಕರಿಬಸಪ್ಪ ಕಲಿಸಿದ ಹಾಗೆ.

“ಹಾಜರ್,” ಅಂದಳು.

ಅಂದವಳೇ ನಡೆದಳು. ನಾನು ಒಂದು ಕೈ ಪಂಪಣ್ಣನ ಬಾಯಿಯ ಮೇಲಿಟ್ಟು ಇನ್ನೊಂದು ಕೈಯಿಂದ ಅವಳ ಲಂಗ ಹಿಡಿದೆ. ಹಿಡಿದದ್ದು ನಿಜ. ಕೈಯಲ್ಲಿ ಬಟ್ಟೆಯೇ ಇಲ್ಲ, ನೀರು ಹಿಡಿದಂತೆ ಜಾರಿತು. ಅಂಗೈ ಒದ್ದೆ. ಕರಿಬಸಪ್ಪನನ್ನು ಕಾಲಿನಿಂದ ಒದ್ದು ಎಬ್ಬಿಸಿದೆ. ಅವನು ಕಣ್ಣು ತೆರೆದು, ಹಾಸಿಗೆ ಎಣಿಸಿ, ಒಂದು ಖಾಲಿ ನೋಡಿದ. ಪಿಸುಗುಟ್ಟಿ ಕೇಳಿದ,

“ಎಲ್ಲಿ ಹೋಗ್ಯಾಳ?”

“ಹಾಜರಿಗೆ.”

ಇಬ್ಬರೂ ಕಂದೀಲು ಹಿಡಿದು ಹಿಂದೆ ಹೋದೆವು. ಹೋಗುವಾಗ ಯಾಕೋ ಅವನು ಗಂಟೆಯನ್ನೂ ಎತ್ತಿಕೊಂಡ, ನಾಲಗೆ ಅಲ್ಲಾಡದಂತೆ ಒಳಗೆ ಬೆರಳಿಟ್ಟು. ಬಿಟ್ಟು ಹೋದರೆ ಸರಕಾರಿ ಸಾಮಾನು ಕಳೆದೀತು ಅಂತ ಇರಬೇಕು.

ಹಲಗೆಗಳ ಬಡಿತ ಮತ್ತೆ ಶುರುವಾಗಿತ್ತು. ಛಪ್... ಛಪ್... ಕೊಳೆತ ಎಲೆಯ ವಾಸನೆ ಮೂಗು ಕಟ್ಟುತ್ತಿತ್ತು. ತೊಟ್ಟಿಯ ಕಟ್ಟೆಗೆ ಬಂದು ಕಂದೀಲು ಎತ್ತಿದೆವು. ಒಳಗೆ ನೀರಿಲ್ಲ. ಒಣ ಎಲೆ. ಮಧ್ಯಾಹ್ನ ಮಕ್ಕಳು ಸೀಮೆಸುಣ್ಣದಿಂದ ಗೀಚಿದ ಆಟದ ಮನೆ. ನಡುವೆ ಒಬ್ಬಳೇ ಅಮರಮ್ಮ, ಸೊಂಟದವರೆಗೆ ತೊಯ್ದು ತೊಪ್ಪೆಯಾಗಿ, ಎರಡೂ ಕೈ ಎತ್ತಿ ಇಳಿಸುತ್ತಿದ್ದಳು. ಕೈಯಲ್ಲಿ ಏನೂ ಇಲ್ಲ. ಅವಳ ಕೈ ಇಳಿದಾಗಲೆಲ್ಲ ಸುತ್ತಲೂ ನಲವತ್ತು ಹಲಗೆ ನೀರಿಗೆ ಬೀಳುತ್ತಿದ್ದವು.

ಕರಿಬಸಪ್ಪ ಪಾವಟಿಗೆ ಇಳಿದ. ನಾನು? ಕಂದೀಲು ಹಿಡಿಯಲು ಮೇಲೆ ಒಬ್ಬರು ಬೇಕಲ್ಲ. ಅವನು ಅವಳ ತೋಳು ಹಿಡಿದು ಎಳೆದ. ಹತ್ತು ವರ್ಷದ ಕೂಸು, ಒಂದು ಮೂಟೆ ಹತ್ತಿಯಷ್ಟೂ ತೂಕವಿಲ್ಲ. ಅವನು ಎಳೆದ ಎಳೆತಕ್ಕೆ ಅವನೇ ಮುಗ್ಗರಿಸಿ ಬಿದ್ದ, ಅವಳು ಕದಲಲಿಲ್ಲ. ಕಾಲು ಕಲ್ಲಿನಲ್ಲಿ ನೆಟ್ಟಂತೆ. ಬಾ ತಾಯಿ, ಮನೆಗೆ ಹೋಗೋಣ, ಅಜ್ಜಿ ಕಾಯುತ್ತಾಳೆ ಅಂತ ಅವನು ಅವಳ ಕಿವಿಯ ಹತ್ತಿರ ಬೇಡಿಕೊಂಡ. ಅವಳು ಕಣ್ಣು ತೆರೆದು ಅವನನ್ನು ನೋಡಿದಳು. ಗುರುತು ಹಿಡಿದಳು. ಅದೇ ನನಗೆ ಎಲ್ಲಕ್ಕಿಂತ ಕೆಟ್ಟದಾಗಿ ಕಂಡದ್ದು. ಕೈ ಮಾತ್ರ ನಿಲ್ಲಲಿಲ್ಲ.

“ಗಂಟಿ ಆಗಿಲ್ಲರಿ ಮಾಸ್ತರ,” ಅಂದಳು. “ಹೆಂಗ ಬರ್ಲಿ?”

ತುಟಿ ನೀಲಿಯಾಗತೊಡಗಿತ್ತು. ಚಳಿಗೋ ಮತ್ತೆ ಯಾವುದಕ್ಕೋ. ಕೆಳಗಿನಿಂದ ಮೇಲಕ್ಕೆ ಅವಳ ಲಂಗ ಇನ್ನೂ ತೊಯ್ಯುತ್ತಿತ್ತು. ಸೊಂಟದಿಂದ ಹೊಟ್ಟೆಗೆ, ಹೊಟ್ಟೆಯಿಂದ ಎದೆಗೆ. ಕಾಣದ ಆ ನೀರು ಏರುತ್ತಿತ್ತು. ಇನ್ನೊಂದು ಗೇಣು ಏರಿದರೆ ಬಾಯಿ.

ಕರಿಬಸಪ್ಪ ಗಂಟೆಯ ನಾಲಗೆಯಿಂದ ಬೆರಳು ತೆಗೆದ. ಎತ್ತಿದ.

ಬಡಿತ ನಿಂತಿತು.

“ಯಾರ ಹುಕುಂ?”

ಅದೇ ದನಿ. ಈಗ ಹತ್ತಿರದಲ್ಲಿ.

ಕರಿಬಸಪ್ಪ ತಿರುಗಿ ಮೇಲೆ ನನ್ನ ಕಡೆ ನೋಡಿದ. “ಹಂಪಣ್ಣ, ನೀ ಬಾಯಿ ಮುಚ್ಚು,” ಅಂದ. ನಾನು ಬಾಯಿ ತೆರೆದಿರಲೇ ಇಲ್ಲ.

“ಯಾರ ಹುಕುಂ?” ಅಂತ ಮತ್ತೆ ಕೇಳಿತು.

ಹದಿನಾರು ವರ್ಷ ನೌಕರಿ ಮಾಡಿದ ಮನುಷ್ಯ. ಹುಕುಂ ಅನ್ನುವ ಮಾತು ಕೇಳಿದರೆ ಅವನ ಬೆನ್ನು ತಾನಾಗಿ ಬಾಗುತ್ತಿತ್ತು. ಆಗಲೂ ಬಾಗಿತು, ನಾನು ಕಂಡಿದ್ದೇನೆ. ಲಿಂಗಸುಗೂರಿನ ಇನ್ಸ್‌ಪೆಕ್ಟರ್ ಸಾಹೇಬರದು ಅಂತ ತೊದಲಿ ಗಂಟೆ ಅಲ್ಲಾಡಿಸಿದ. ಸದ್ದು ಬರಲಿಲ್ಲ. ನಾಲಗೆ ಹಿತ್ತಾಳೆಗೆ ಬಡಿಯುವುದು ಕಣ್ಣಿಗೆ ಕಾಣುತ್ತಿದೆ, ಆದರೆ ಉಣ್ಣೆಗೆ ಬಡಿದಂತೆ... ಟಪ್... ಟಪ್... ಅಷ್ಟೇ. ಕತ್ತಲೊಳಗೆ ಯಾರೋ ಮೂಗಿನಲ್ಲಿ ನಕ್ಕರು. ನೀರು ಅವಳ ಗಂಟಲಿಗೆ ಬಂದಿತ್ತು. ಅವಳು ಗದ್ದ ಮೇಲೆತ್ತಿ ನಿಂತಿದ್ದಳು, ಈಜು ಕಲಿಯುವ ಮಕ್ಕಳು ಎತ್ತುತ್ತಾರಲ್ಲ, ಹಾಗೆ. ಕೈ ಎತ್ತುತ್ತಿದ್ದಳು, ಇಳಿಸುತ್ತಿದ್ದಳು. ಕಣ್ಣು ಮಾತ್ರ ಮಾಸ್ತರನ ಮೇಲೆಯೇ ಇತ್ತು. ಇವನು ಸುಳ್ಳು ಹೇಳುವವನಲ್ಲ, ಗಂಟೆ ಆದರೆ ಆಗುತ್ತದೆ ಅನ್ನುವ ನಂಬಿಕೆ.

ಕರಿಬಸಪ್ಪ ಬೆನ್ನು ನೆಟ್ಟಗೆ ಮಾಡಿದ. ನನ್ನ ತಮ್ಮ ಇಷ್ಟು ಎತ್ತರ ಇದ್ದಾನೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ತನ್ನ ಕೋಟಿನ ಜೇಬಿನಿಂದ ಆ ಕಾಗದ ತೆಗೆದ. ಹರಿಯಲಿಲ್ಲ, ಅವನು ಕಾಗದ ಹರಿಯುವ ಜಾತಿಯವನಲ್ಲ. ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಾಡಿ ಪಾವಟಿಗೆಯ ಮೇಲಿಟ್ಟು, ಅದರ ಮೇಲೆ ಕಾಲಿಟ್ಟು ನಿಂತ.

“ನನ್ನ ಹುಕುಂ,” ಅಂದ. “ಕರಿಬಸಪ್ಪಂದು. ಇವರೆಲ್ಲಾರೂ ಇವತ್ತಿಗೆ ಮನಿಗೆ ಹೋಗ್ತಾರ. ನೀ ಬರಕೋ.”

ಗಂಟೆ ಬಾರಿಸಿದ.

ಠಣ್... ಠಣ್ ಠಣ್ ಠಣ್ ಠಣ್...

ಉದ್ದ ಗಂಟೆ. ಅಂಥ ಗಂಟೆ ಅವನು ಎಂದೂ ಬಾರಿಸಿರಲಿಲ್ಲ. ಹಳ್ಳದ ಆಚೆ ಗುಡ್ಡಕ್ಕೆ ಬಡಿದು ವಾಪಸ್ಸು ಬಂತು. ಪಡಸಾಲೆಯಲ್ಲಿ ನಿದ್ದೆಯಲ್ಲಿದ್ದ ಹನ್ನೊಂದು ಮಕ್ಕಳು, ಗಂಟೆ ಕಿವಿಗೆ ಬಿದ್ದದ್ದೇ ತಡ, ಮಲಗಿದಲ್ಲಿಂದಲೇ ಛುಟ್ಟಿಯ ಕೂಗು ಹಾಕಿದವು, ಹೋ... ಅಂತ. ದಿನಾ ಶಾಲೆ ಬಿಟ್ಟಾಗ ಹಾಕುವ ಕೂಗು. ಅದು ಮುಗಿಯುವ ಮೊದಲೇ ತೊಟ್ಟಿಯೊಳಗಿಂದ ಅದೇ ಕೂಗು ಎದ್ದಿತು. ದೊಡ್ಡವರ ಗಂಟಲಲ್ಲಿ. ಮುದುಕರದು, ಹೆಂಗಸರದು, ಕೆಮ್ಮಿನದು. ಹೋ...

ಆಮೇಲೆ ಕಾಲುಗಳು. ನೀರಿನಿಂದ ಕಾಲು ಎಳೆದುಕೊಳ್ಳುವ ಸದ್ದು, ಕಲ್ಲಿನ ಮೇಲೆ ಒದ್ದೆ ಪಾದ ಇಡುವ ಸದ್ದು, ಪಚ್, ಪಚ್, ಪಚ್... ಪಾವಟಿಗೆ ಹತ್ತಿ, ನನ್ನ ಎಡಕ್ಕೆ, ಬಲಕ್ಕೆ, ಮೈಗೆ ಮೈ ತಾಗುವಷ್ಟು ಹತ್ತಿರದಿಂದ ಹಾದು ಹೋದವು. ಯಾರೂ ಕಾಣಲಿಲ್ಲ. ತಣ್ಣನೆಯ ಹನಿ ನನ್ನ ಮುಂಗೈಗೆ ಸಿಡಿದವು. ಅಂಗಳದಲ್ಲಿ ಕಟ್ಟಿದ ನನ್ನ ಎರಡು ಎತ್ತು ಮೆಲುಕು ಹಾಕುತ್ತ, ಒಬ್ಬೊಬ್ಬರು ಹೋದಂತೆಲ್ಲ ತಲೆ ತಿರುಗಿಸಿ ನೋಡುತ್ತಿದ್ದವು. ಮತ್ತೆ ಈಚೆ ತಿರುಗಿ, ಮತ್ತೆ ನೋಡುತ್ತಿದ್ದವು. ಬಹಳ ಹೊತ್ತು ನೋಡಿದವು. ಎಲ್ಲರೂ ಹೋದದ್ದು ಒಂದೇ ಕಡೆ, ಮಸ್ಕಿಯ ದಾರಿ.

ಅಮರಮ್ಮನ ಕೈ ಇಳಿದು ನಿಂತಿತು. ಕಾಲು ಕಿತ್ತು ಪಾವಟಿಗೆ ಹತ್ತಿದಳು. ಮಾಸ್ತರ ಎತ್ತಿಕೊಳ್ಳಲು ಹೋದರೆ ಬೇಡ ಅಂತ ಕೈ ಸರಿಸಿದಳು. ಕೊನೆಯ ಮೆಟ್ಟಿಲಲ್ಲಿ ನಿಂತು ಕತ್ತಲೆಗೆ ತಿರುಗಿದಳು. ಹಲ್ಲು ಕಟಕಟ ಅನ್ನುತ್ತಿದ್ದವು, ಆದರೂ ಹೇಳುವುದು ಹೇಳಿದಳು.

“ನಾ ನಾಳಿ ಬರಂಗಿಲ್ಲ.”

ಅಷ್ಟೇ. ಆ ರಾತ್ರಿ ಉಳಿದ ಹೊತ್ತೆಲ್ಲ ಕರಿಬಸಪ್ಪ ಅವಳನ್ನು ಕೋಟಿನಲ್ಲಿ ಸುತ್ತಿ ಬೆಂಕಿಯ ಹತ್ತಿರ ಕೂರಿಸಿಕೊಂಡು ಮಗ್ಗಿ ಹೇಳಿಸಿದ, ನಿದ್ದೆ ಹೋಗದಿರಲಿ ಅಂತ. ಹತ್ತೊಂಬತ್ತರ ಮಗ್ಗಿಯಲ್ಲಿ ಅವಳು ಎರಡು ಕಡೆ ತಪ್ಪಿದಳು. ಅವನು ತಿದ್ದಲಿಲ್ಲ.

ಬೆಳಗ್ಗೆ ನಾನು ಹದಿನಾಲ್ಕೂ ಕಲ್ಲು ಇಳಿಸಿ, ಇದ್ದ ಜಾಗದಲ್ಲೇ ಇಟ್ಟೆ. ಪಕ್ಕದ ಹಳ್ಳಿಯ ಅಲ್ಲಾಬಕ್ಷ್ ತನ್ನ ಬಂಡಿಯ ಅಚ್ಚು ಬಿಚ್ಚಿ ಕೊಟ್ಟ. ಮಸ್ಕಿ ಮುಟ್ಟಿದಾಗ ಹೊತ್ತು ಏರಿತ್ತು. ಅಮರಮ್ಮನನ್ನು ಮನೆಗೆ ಬಿಡಲು ಕೇರಿಗೆ ಹೋದೆವು. ಅಲ್ಲಿ ಯಾರೂ ಕೆಲಸಕ್ಕೆ ಹೋಗಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಬಾಗಿಲ ಪಕ್ಕದಲ್ಲಿ ಗೋಡೆಗೆ ಆತು ನಿಂತಿದ್ದರು, ಬಾಗಿಲು ಬಿಟ್ಟು. ನೆಲದ ಮೇಲೆ ಹೆಜ್ಜೆಗಳು. ಬರಿಗಾಲಿನವು, ನೀಲಿ. ದಾರಿಯಿಂದ ಗುಂಪಾಗಿ ಬಂದು, ಕೇರಿಯ ಬಾಯಿಯಲ್ಲಿ ಬೇರೆ ಬೇರೆಯಾಗಿ, ಒಂದೊಂದು ಮನೆಗೆ ಒಂದೊಂದು, ಕೆಲವು ಮನೆಗೆ ಎರಡು ಮೂರು, ಹೊಸ್ತಿಲು ದಾಟಿ ಒಳಗೆ ಹೋಗಿದ್ದವು. ಹೊರಗೆ ಬಂದವು ಒಂದೂ ಇರಲಿಲ್ಲ. ಪಾರ್ವತೆಮ್ಮ ಒಲೆಯ ಮುಂದೆ ಒಂದು ಬಟ್ಟಲು ಅಂಬಲಿ ಇಟ್ಟು ಕೂತಿದ್ದಳು. ಮೊಮ್ಮಗಳ ನೀಲಿ ಕಾಲು ನೋಡಿದಳು. ನಮಗೆ ಹೆಜ್ಜೆ ತುಳಿಯದಂತೆ ಪಕ್ಕದಿಂದ ಬರಲು ಹೇಳಿದಳು. ಯಾರೂ ಅದನ್ನು ಸಾರಿಸಲಿಲ್ಲ. ತಾನಾಗಿ ಮಾಸಲಿ ಅಂತ ಬಿಟ್ಟರು. ಯುಗಾದಿಯವರೆಗೂ ಇತ್ತು.

ಮುಂದಿನ ತಿಂಗಳು ಇನ್ಸ್‌ಪೆಕ್ಟರ್ ಸಾಹೇಬರು ಬಂದು ನೀಲಿ ಕೋಠಿಯ ಬಗ್ಗೆ ಯಾರು ಹೇಳುತ್ತೀರಿ ಅಂದರು. ಅಮರಮ್ಮ ಎದ್ದು ನಿಂತಳು. ಕೈ ಕಟ್ಟಲಿಲ್ಲ. ತೊಟ್ಟಿಯಲ್ಲಿ ನಿಂತವರ ಹೆಸರು ಹೇಳಲು ಶುರು ಮಾಡಿದಳು, ಕರೆಪ್ಪ, ದುರುಗವ್ವ, ಪಂಪಣ್ಣ ಅಂತ, ನಲವತ್ತೂ ಹೆಸರು, ಕೊನೆಗೆ ತನ್ನ ಮುತ್ತಜ್ಜಿಯದು. ಸಾಹೇಬರು ಮಧ್ಯೆ ಎರಡು ಸಲ ಸಾಕು ಅಂದರು. ಕರಿಬಸಪ್ಪ ಅವಳಿಗೆ ಮುಂದುವರಿಸಲು ಹೇಳಿದ. ಅದೇ ವರ್ಷ ಅವನಿಗೆ ಸಿಂಧನೂರು ತಾಲ್ಲೂಕಿನ ಜವಳಗೇರಾಕ್ಕೆ ವರ್ಗವಾಯಿತು. ಗಂಟೆ ಇಲ್ಲದ ಶಾಲೆ. ನಗುತ್ತಲೇ ಹೋದ. ಅಲ್ಲಿ ಶನಿವಾರ ಹತ್ತು ನಿಮಿಷ ಮೊದಲೇ ಛುಟ್ಟಿ ಕೊಡುತ್ತಿದ್ದನಂತೆ. ಯಾರ ಹುಕುಂ ಅಂತ ಕೇಳಿದವರಿಗೆಲ್ಲ ತನ್ನ ಹೆಸರು ಹೇಳುತ್ತಿದ್ದನಂತೆ.

ಇಲ್ಲಿಗೆ ಮುಗಿಯಿತು. ನಗುವವರು ನಗಿರಿ. ನಾನು ಕಟ್ಟೆಯ ಮೇಲೆ ನಿಂತಿದ್ದವನು, ಕಣ್ಣಾರೆ ಕಂಡವನು, ನನ್ನ ಮುಂಗೈ ಮೇಲೆ ನೀಲಿ ಹನಿ ಬಿದ್ದದ್ದು ಖರೆ, ಕೂಸು ಉಳಿದದ್ದು ಖರೆ.

ಆದರೆ ಇಬತ್ತಿ ಹಚ್ಚಿಕೊಂಡು ಆಣೆ ಹಾಕುತ್ತೇನೆ ಅಂದುಬಿಟ್ಟೆನಲ್ಲ... ಹಾಗಾಗಿ ಒಂದು ಸಣ್ಣ ಮಾತು ಒಪ್ಪಿಕೊಳ್ಳಬೇಕು. ಮುನ್ಷಿಯ ಹೆಸರು ವಿರೂಪಾಕ್ಷಪ್ಪ ಅಂದೆ. ಬಳ್ಳಾರಿ ಕಡೆಯವ ಅಂದೆ. ಅಷ್ಟು ನಾನು ಕಟ್ಟಿದ್ದು. ಅವನು ಮಸ್ಕಿಯವನೇ. ನಮ್ಮ ಓಣಿಯವನೇ. ಹೆಸರು ಹಂಪಣ್ಣ. ನನಗೆ ಇಟ್ಟದ್ದು ಅವನ ಹೆಸರೇ.

ಆ ದಿನ ಕೇರಿಯಿಂದ ಮನೆಗೆ ಬಂದಾಗ ನಮ್ಮ ಅವ್ವ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಳು. ಹೊರಗೆ ಕಟ್ಟೆಯ ಮೇಲೆ ಒಂದು ಜೊತೆ ಹೆಜ್ಜೆ ಇದ್ದವು. ಬರಿಗಾಲಿನವಲ್ಲ, ಮೆಟ್ಟಿನವು. ಬಾಗಿಲ ಕಡೆ ಮುಖ ಮಾಡಿ, ಎರಡೂ ಜೋಡಿಸಿ, ಯಾರಾದರೂ ಕರೆಯಲಿ ಅಂತ ಕಾಯುವವರು ನಿಲ್ಲುತ್ತಾರಲ್ಲ, ಹಾಗೆ. ಒಳಗೆ ಹೋಗಿರಲಿಲ್ಲ. ವಾಪಸ್ಸೂ ಹೋಗಿರಲಿಲ್ಲ.